ಕೋವಿಯೂ ಕಾವಲೂ

ಕಳೆದ ಮಳೆಗಾಲದಲ್ಲಿ ನಮ್ಮ ಬಡಾವಣೆಯ ಎರಡು ಮನೆಗಳಿಗೆ ಒಂದೇ ವಾರದಲ್ಲಿ ಕನ್ನ ಬಿತ್ತು. ಮರುದಿನ ಸಂಜೆ ದೇವಸ್ಥಾನದ ಜಗಲಿಯಲ್ಲಿ ನೆರೆಹೊರೆಯವರೆಲ್ಲ ಸೇರಿದೆವು. ಮನೆಗೊಂದು ಬಂದೂಕು ಇಟ್ಟುಕೊಂಡರೆ ಕಳ್ಳರು ಈ ಕಡೆ ತಲೆ ಹಾಕರೆಂದು ಮಹನೀಯರೊಬ್ಬರು ಸೂಚಿಸಿದರು. ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬುದ್ಧಿ ಕಲಿಸೋಣವೆಂದು ತರುಣರು ದನಿಗೂಡಿಸಿದರು.

ಅಲ್ಲಿಯವರೆಗೆ ಮೌನವಾಗಿದ್ದ ಕೊಡಗಿನ ನಿವೃತ್ತ ಸುಬೇದಾರರು ನಿಧಾನವಾಗಿ ಹೇಳಿದರು: “ಊರಿನ ನಮ್ಮ ಐನ್‌ಮನೆಯಲ್ಲಿ ಮೂರು ತಲೆಮಾರಿನಿಂದ ಕೋವಿಯಿದೆ, ಸ್ವಾಮಿ. ಅದು ನಮ್ಮನ್ನು ಕಾದದ್ದಕ್ಕಿಂತ ನಾವು ಅದನ್ನು ಕಾದದ್ದೇ ಹೆಚ್ಚು.”

ಈ ಮಾತು ನನ್ನನ್ನು ಚಿಂತನೆಗೆ ಹಚ್ಚಿತು. ಆಯುಧದೊಡನೆ ಒಂದು ಜನಾಂಗ ಹೇಗೆ ಬಾಳಬಹುದೆಂಬುದನ್ನು ಅರಿಯಲು ಕೊಡಗಿಗಿಂತ ಬೇರೆ ನಿದರ್ಶನ ಬೇಕಿಲ್ಲ. 1857ರ ದಂಗೆಯ ತರುವಾಯ ಆಂಗ್ಲ ಸರ್ಕಾರವು ಜನರ ಆಯುಧಗಳನ್ನು ಕಸಿದುಕೊಳ್ಳತೊಡಗಿದಾಗ, 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಅದರಿಂದ ವಿನಾಯಿತಿಯಿತ್ತನು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯಡಿಯಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಈ ಹಕ್ಕಿನ ಬೆನ್ನಿಗೆ ಒಂದು ಸಂಸ್ಕಾರವಿರುವುದನ್ನು ನಾವು ಮರೆಯಬಾರದು. ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ, ದೀಪದೆದುರು ಇಟ್ಟು ಪೂಜಿಸುತ್ತಾರೆ. ಹಿಂದೆ ಪೂಜೆಯ ಬಳಿಕ ಬೇಟೆಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಅದಕ್ಕೆ ಎಡೆಯಿಲ್ಲ. ಇಂದು ಮರದ ಮೇಲಿನ ತೆಂಗಿನಕಾಯಿಯೇ ಗುರಿ. ಕಾನೂನು ಬದಲಾದಾಗ ಪದ್ಧತಿಯನ್ನೂ ಬದಲಿಸಿಕೊಂಡದ್ದು ಆ ಜನರ ವಿವೇಕವಲ್ಲವೆ?

ಉಳಿದವರಾದ ನಮಗೆ ಪರವಾನಗಿಯಿಲ್ಲದೆ ಬಂದೂಕಿಲ್ಲ. ಇಪ್ಪತ್ತೊಂದು ವರ್ಷ ತುಂಬಿರಬೇಕು; ಪೊಲೀಸರ ವಿಚಾರಣೆಯಾಗಬೇಕು; 2016ರ ನಿಯಮಗಳಂತೆ ಸುರಕ್ಷಿತ ಬಳಕೆಯ ತರಬೇತಿ ಪಡೆದಿರಬೇಕು. 2019ರ ತಿದ್ದುಪಡಿಯ ಪ್ರಕಾರ ಸಾಮಾನ್ಯವಾಗಿ ಒಬ್ಬನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕುಗಳಿರುವಂತಿಲ್ಲ. ಮದುವೆ ಮೆರವಣಿಗೆಗಳಲ್ಲಿ ಪರರ ಪ್ರಾಣಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಉಂಟು.

ಇನ್ನು ಮನೆಯೊಳಗಿನ ಶಿಸ್ತು. ಕೋವಿಯಲ್ಲಿ ತೋಟಾ ಇಲ್ಲವೆಂದು ಯಾರು ಹೇಳಿದರೂ ನಂಬದೆ ತೆರೆದು ನೋಡತಕ್ಕದ್ದು. ನಳಿಗೆಯನ್ನು ಎಂದೂ ಮನುಷ್ಯರತ್ತ ತಿರುಗಿಸತಕ್ಕದ್ದಲ್ಲ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರತಕ್ಕದ್ದು. ಬೀಗದ ಕೈ ಮಕ್ಕಳ ಕೈಗೆಟಕಬಾರದು. ಮನೆಯಲ್ಲಿ ಕುಡಿತವಾಗಲಿ ಕಡುಕೋಪವಾಗಲಿ ತೀವ್ರ ಮನೋವ್ಯಥೆಯಾಗಲಿ ಇದ್ದರೆ ಆಯುಧ ಅಲ್ಲಿರದಿರುವುದೇ ಲೇಸು. ಇವೆಲ್ಲ ನಮ್ಮ ಸುಬೇದಾರರು ಹೇಳಿದ ಪಾಠಗಳು.

ಆತ್ಮರಕ್ಷಣೆಯ ಹಕ್ಕಿಲ್ಲವೆ ಎಂದು ಕೇಳಬಹುದು. ಖಂಡಿತ ಉಂಟು. ಆದರೆ 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಅದಕ್ಕೆ ಎಲ್ಲೆ ಹಾಕಿದೆ: ಪೊಲೀಸರ ನೆರವು ಪಡೆಯಲು ಕಾಲಾವಕಾಶವಿದ್ದಾಗ ಆ ಹಕ್ಕಿಲ್ಲ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಕಣ್ಣೆದುರಿಗೇ ಜಾಮೀನಿಲ್ಲದ ಘೋರ ಅಪರಾಧವೆಸಗಿದವನನ್ನು ನಾಗರಿಕರು ಹಿಡಿಯಬಹುದು. ಆದರೆ ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಶಿಕ್ಷಿಸುವುದು ನಮ್ಮ ಕೆಲಸವಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿಯನ್ನು ನಂಬಿದ ಗುಂಪೊಂದು ನಿರಪರಾಧಿ ತರುಣನನ್ನು ಹೊಡೆದು ಕೊಂದಿತು. ಆ ಗುಂಪಿನವರೂ ತಾವು ಊರನ್ನು ಕಾಯುತ್ತಿದ್ದೇವೆಂದೇ ಭಾವಿಸಿದ್ದರಷ್ಟೆ!

ಊರು ಕಾಯಲು ಕಾನೂನುಬದ್ಧ ದಾರಿಗಳಿವೆ. ಹಳ್ಳಿಗಳಲ್ಲಿ 1964ರ ಕಾಯಿದೆಯಂತೆ ಗ್ರಾಮ ರಕ್ಷಣಾ ದಳಗಳನ್ನು ರಚಿಸಬಹುದು. ನಗರದಲ್ಲಿ ಬೀಟ್ ಪೊಲೀಸರೊಡನೆ ಕೈಜೋಡಿಸಬಹುದು. ನಮ್ಮ ಸಭೆಯೂ ಕೊನೆಗೆ ಹಾಗೆಯೇ ತೀರ್ಮಾನಿಸಿತು: ಕೆಟ್ಟ ಬೀದಿದೀಪಗಳನ್ನು ಸರಿಪಡಿಸುವುದು, ಊರಿಗೆ ಹೋಗುವವರು ನೆರೆಯವರಿಗೆ ತಿಳಿಸುವುದು, ರಾತ್ರಿ ಇಬ್ಬಿಬ್ಬರು ಟಾರ್ಚು ಮತ್ತು ಸೀಟಿ ಹಿಡಿದು ಸುತ್ತುವುದು, ಸಂಶಯ ಬಂದರೆ 112ಕ್ಕೆ ಕರೆ ಮಾಡುವುದು.

ಎರಡನೆಯ ವಾರದಲ್ಲೇ ಪರೀಕ್ಷೆ ಬಂತು. ನಡುರಾತ್ರಿ ಅಪರಿಚಿತನೊಬ್ಬ ಒಂದು ಮನೆಯ ಗೇಟು ಅಲುಗಾಡಿಸುತ್ತಿದ್ದ. ತರುಣನೊಬ್ಬ ಕಲ್ಲೆತ್ತಿದ. ಸುಬೇದಾರರು ಅವನ ಮುಂಗೈ ಹಿಡಿದು, “ಮೊದಲು ಫೋನು ಮಾಡಪ್ಪ” ಎಂದರು. ಪೊಲೀಸರು ಬಂದು ವಿಚಾರಿಸಿದಾಗ, ಆತ ಮಗಳ ಮನೆಗೆ ಬಂದು ದಾರಿ ತಪ್ಪಿದ, ಮರೆವಿನ ರೋಗದ ವೃದ್ಧನೆಂದು ತಿಳಿಯಿತು. ಮಗಳು ಓಡಿಬಂದು ತಂದೆಯನ್ನು ತಬ್ಬಿಕೊಂಡಳು.

ಆ ತರುಣನ ಕೈಯಲ್ಲಿ ಅಂದು ಇದ್ದದ್ದು ಕಲ್ಲು. ಬಂದೂಕಾಗಿದ್ದರೆ?