ಬೋಳುತಲೆಯ ಸೇತುವೆ ಹಕ್ಕಿ

ಬೇಸಿಗೆ ಮುಗಿಯುವ ಹೊತ್ತಿಗೆ ಕೊರಿಯಾದ ಮ್ಯಾಗ್‌ಪೈ ಹಕ್ಕಿಗಳ ತಲೆಯ ಗರಿ ಉದುರಿ ಬೋಳಾಗುತ್ತದೆ. ಅದಕ್ಕೆ ಅಲ್ಲಿಯ ಜನ ಒಂದು ಕಥೆ ಹೇಳುತ್ತಾರೆ. ದೇವಲೋಕದ ದೊರೆ ಬಟ್ಟೆ ನೇಯುವ ತನ್ನ ಮಗಳನ್ನು ದನಗಾಹಿ ಹುಡುಗನಿಗೆ ಕೊಟ್ಟು ಮದುವೆ ಮಾಡಿದ. ಸರಸದಲ್ಲಿ ಮೈಮರೆತ ಜೋಡಿಗೆ ಮಗ್ಗವೂ ಬೇಡವಾಯಿತು, ದನಗಳೂ ಬೇಡವಾದವು. ಸಿಟ್ಟಿಗೆದ್ದ ದೊರೆ ಇಬ್ಬರನ್ನೂ ಆಕಾಶಗಂಗೆಯ ಒಂದೊಂದು ದಡಕ್ಕೆ ಅಟ್ಟಿದ. ವರ್ಷಕ್ಕೊಮ್ಮೆ, ಚಾಂದ್ರಮಾನದ ಏಳನೇ ತಿಂಗಳ ಏಳನೇ ದಿನ, ಕಾಗೆಗಳೂ ಮ್ಯಾಗ್‌ಪೈಗಳೂ ಮೇಲೇರಿ ಸೇತುವೆಯಾಗುತ್ತವೆ. ಗಂಡಹೆಂಡಿರು ತುಳಿದು ನಡೆದದ್ದರಿಂದ ಹಕ್ಕಿಗಳ ತಲೆ ಬೋಳು!

ಆ ಇಬ್ಬರೂ ನಮಗೆ ಗೊತ್ತಿರುವ ನಕ್ಷತ್ರಗಳೇ. ನೇಯುವವಳು ನಮ್ಮ ಅಭಿಜಿತ್, ದನಗಾಹಿ ನಮ್ಮ ಶ್ರವಣ. ಆ ದಿನವೂ ಸಾಮಾನ್ಯವಾಗಿ ಬರುವುದು ನಮ್ಮ ಶ್ರಾವಣದ ಮೊದಲ ವಾರದ ಆಸುಪಾಸಿನಲ್ಲಿ. ನನಗೆ ಈ ಕಥೆ ಇಷ್ಟವಾಗಲು ಕಾರಣ ಅದರ ಕಣ್ಣು. ಮರಿಗಳನ್ನು ಸಾಕಿ ಮುಗಿಸಿದ ಮ್ಯಾಗ್‌ಪೈ ಹಳೆಯ ಗರಿ ಕಳಚಿ ಹೊಸದು ತೊಡುವುದು ಅದೇ ದಿನಗಳಲ್ಲಿ. ಕಥೆ ಕಟ್ಟಿದವರು ಹಕ್ಕಿಯನ್ನು ಸರಿಯಾಗಿಯೇ ನೋಡಿದ್ದರು.

ಮ್ಯಾಗ್‌ಪೈ ಕಾಗೆಯ ಕುಲದ್ದು. ತಲೆ, ಎದೆ ಕಪ್ಪು. ಹೊಟ್ಟೆ, ಭುಜ ಬಿಳುಪು. ಬಿಸಿಲು ಬಿದ್ದರೆ ರೆಕ್ಕೆಯಲ್ಲಿ ನೀಲಿ, ಬಾಲದಲ್ಲಿ ಹಸಿರು ಹೊಳೆಯುತ್ತದೆ. ಉದ್ದದಲ್ಲಿ ಅರ್ಧದಷ್ಟು ಬಾಲವೇ. ಕರ್ನಾಟಕದಲ್ಲಿ ಇದಿಲ್ಲ, ನೋಡಬೇಕೆಂದರೆ ಲಡಾಖ್‌ಗೆ ಹೋಗಬೇಕು, ಅಲ್ಲಿ ಊರಂಚಿನ ಮರಗಳಲ್ಲಿ ಇದರ ಹತ್ತಿರದ ಬಂಧು ಸಿಗುತ್ತದೆ. ಹುಳ, ಕಾಳು, ಹಣ್ಣು, ಬೇರೆ ಹಕ್ಕಿಯ ಮೊಟ್ಟೆ, ಸತ್ತ ಪ್ರಾಣಿ, ಯಾವುದನ್ನೂ ಬಿಡುವುದಿಲ್ಲ. ಗೂಡಂತೂ ಪುಟ್ಟ ಮನೆ: ಒಳಗೆ ಮಣ್ಣು ಮೆತ್ತಿದ ಬಟ್ಟಲು, ಮೇಲೆ ಕಡ್ಡಿಗಳ ಛಾವಣಿ, ಪಕ್ಕದಲ್ಲಿ ಬಾಗಿಲು. ಮೊಟ್ಟೆಗಳ್ಳರಿಂದ ಕಾಯಲು ಆ ಛಾವಣಿ. ಕೊರಿಯಾದಲ್ಲಿ ವಿದ್ಯುತ್ ಕಂಬಗಳ ಮೇಲೂ ಗೂಡು ಕಟ್ಟಿ, ಕಡ್ಡಿ ತಂತಿಗಳು ತಗುಲಿ ಕರೆಂಟು ಹೋಗುವುದುಂಟು.

ಯೂರೋಪಿನಲ್ಲಿ ಮ್ಯಾಗ್‌ಪೈ ಎಂದರೆ ಕಳ್ಳ. 1817ರಲ್ಲಿ ಇಟಲಿಯ ಸಂಗೀತಗಾರ ರೊಸ್ಸಿನಿ ಸಂಗೀತ ರೂಪಕವೊಂದನ್ನೇ ಬರೆದ: ಬೆಳ್ಳಿ ಸಾಮಾನು ಕದ್ದಳೆಂದು ಮನೆಗೆಲಸದ ಹುಡುಗಿಗೆ ಮರಣದಂಡನೆ, ಕದ್ದದ್ದು ಮ್ಯಾಗ್‌ಪೈ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಕಡಲೆಬೀಜದಂಥ ತಿನಿಸಿನ ಪಕ್ಕ ಹೊಳೆಯುವ ತಿರುಪು, ಉಂಗುರಗಳನ್ನಿಟ್ಟು 64 ಸಲ ಪರೀಕ್ಷಿಸಿದರು. ಹಕ್ಕಿ ಹೊಳೆಯುವ ವಸ್ತುವನ್ನು ಎತ್ತಿದ್ದು ಎರಡೇ ಸಲ, ಅದೂ ತಕ್ಷಣ ಬಿಸಾಡಿತು. ಉಳಿದಂತೆ ಅವು ಹೊಸ ವಸ್ತುವಿಗೆ ಹೆದರಿ ತಿನ್ನಲೂ ಹಿಂಜರಿದವು. ಆರೋಪ ಹೊರಿಸಿದವರು ನೋಡುವ ಕಷ್ಟ ತೆಗೆದುಕೊಂಡಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಅದರ ಬುದ್ಧಿಯ ಬಗ್ಗೆ ವಾದ ಇನ್ನೂ ನಡೆದಿದೆ. ಕನ್ನಡಿಯಲ್ಲಿ ತನ್ನನ್ನೇ ಗುರುತಿಸುತ್ತದೆ ಎಂದು 2008ರಲ್ಲಿ ಜರ್ಮನಿಯ ಪ್ರಯೋಗ ಹೇಳಿತು. ಐದರಲ್ಲಿ ಎರಡು ಹಕ್ಕಿಗಳು ತಮ್ಮ ಕುತ್ತಿಗೆಗೆ ಅಂಟಿಸಿದ ಬಣ್ಣದ ಚುಕ್ಕೆಯನ್ನು ಕೆದಕಿದ್ದವು. 2020ರಲ್ಲಿ ಸ್ಪೇನಿನವರು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಮನುಷ್ಯರ ಮುಖದ ವಿಷಯ ಬೇರೆ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ ಮರ ಹತ್ತಿ ಗೂಡು ಇಣುಕುತ್ತಿದ್ದ ಸಂಶೋಧಕನೂ, ಅವನಂತೆಯೇ ಬಟ್ಟೆ ತೊಟ್ಟ ಇನ್ನೊಬ್ಬನೂ ಜೊತೆಯಾಗಿ ನಡೆದರೆ, ಹಕ್ಕಿಗಳು ಕಿರುಚುತ್ತ ಬೆನ್ನುಹತ್ತುತ್ತಿದ್ದುದು ಮರ ಹತ್ತಿದವನನ್ನು ಮಾತ್ರ.

ಬೆಳಿಗ್ಗೆ ಮ್ಯಾಗ್‌ಪೈ ಕೂಗಿದರೆ ಬೇಕಾದ ಅತಿಥಿ ಬರುತ್ತಾನೆಂದು ಕೊರಿಯನ್ನರು ನಂಬುತ್ತಾರೆ. ಕಾಗೆ ಕೂಗಿದರೆ ನೆಂಟರು ಎನ್ನುವ ನಮಗೆ ಇದು ಹೊಸದಲ್ಲ. ಊರವರ ಮುಖ ಗೊತ್ತಿರುವ ಹಕ್ಕಿಗೆ ಹೊಸಬ ಬಂದದ್ದು ಮನೆಯವರಿಗಿಂತ ಮೊದಲೇ ತಿಳಿದರೆ ಆಶ್ಚರ್ಯವೇನು?