ಶಾಸನಪಾಠವೂ ಗಣಕದ ತೆರೆಯೂ: ಲಿನಕ್ಸ್ ವರ್ಚುವಲ್ ಮೆಷೀನಿನ ದೃಶ್ಯದೋಷ ಮತ್ತು ಅದರ ನಿವಾರಣೆ

ಶಾಸನವನ್ನು ಓದುವವನಿಗೂ ಶಿಲೆಗೂ ನಡುವೆ ಪ್ರಾಯಶಃ ಯಾವುದಾದರೊಂದು ಮಾಧ್ಯಮವಿರುತ್ತದೆ. ಹಿಂದಿನ ವಿದ್ವಾಂಸರಿಗೆ ಅದು ಮಸಿಯಿಂದ ತೆಗೆದ ಅಚ್ಚುಪಡಿಯಾಗಿತ್ತು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಅವಶೇಷಗಳನ್ನು ಮೇಣಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ ಮೇಲೆ ಛಾಯಾಚಿತ್ರವೂ ಈ ಪ್ರದೇಶದ ಅಧ್ಯಯನಕ್ಕೆ ಸಾಧನವಾಯಿತು. ಇಂದು ಅವುಗಳ ಜೊತೆಗೆ ಗಣಕದ ತೆರೆ ಸೇರಿದೆ. ಅಚ್ಚುಪಡಿಯಲ್ಲಿ ಮಸಿ ಹರಡಿದೆಯೇ ಎಂದು ನೋಡದೆ ಪಾಠವನ್ನು ನಿರ್ಣಯಿಸುವವರು ವಿರಳ. ಆದರೆ ತೆರೆಯನ್ನು ಹಾಗೆ ಪರೀಕ್ಷಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ನೆಲೆಗೊಂಡಿಲ್ಲ. ಈ ಉಪೇಕ್ಷೆಯಿಂದ ನಮಗೆ ಒದಗಿದ ಒಂದು ತೊಡಕನ್ನೂ ಅದರ ಪರಿಹಾರಕ್ರಮವನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳು ಚರಿತ್ರೆಯ ದೃಷ್ಟಿಯಿಂದ ಒಂದೇ ಕ್ಷೇತ್ರವೆನ್ನಬಹುದು. ೨೦೨೧ರಿಂದ ಹೊಸಪೇಟೆ ಹಂಪೆಗಳು ವಿಜಯನಗರ ಜಿಲ್ಲೆಗೆ ಸೇರಿದ್ದು, ಸಂಡೂರು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಈ ನಾಲ್ಕು ಊರುಗಳಲ್ಲಿರುವ ನಮ್ಮ ಸಹಾಧ್ಯಾಯಿಗಳ ಗಣಕಗಳು ಬಗೆಬಗೆಯವು. ಎಲ್ಲರಲ್ಲಿಯೂ ಒಂದೇ ತಂತ್ರಾಂಶ, ಒಂದೇ ಅಕ್ಷರವಿನ್ಯಾಸ, ಒಂದೇ ಚಿತ್ರಸಂಗ್ರಹ ಇರಬೇಕೆಂಬ ಉದ್ದೇಶದಿಂದ ಲಿನಕ್ಸ್ ವ್ಯವಸ್ಥೆಯುಳ್ಳ ಒಂದು ವರ್ಚುವಲ್ ಮೆಷೀನನ್ನು ಸಿದ್ಧಪಡಿಸಿ ಹಂಚಿಕೊಂಡೆವು. ವರ್ಚುವಲ್ ಮೆಷೀನ್ ಎಂದರೆ ಕಲ್ಪಿತ ಗಣಕ. ನಿಜವಾದ ಗಣಕದೊಳಗೆ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶವು ಇನ್ನೊಂದು ಗಣಕವನ್ನು ಅನುಕರಿಸಿ ನಡೆಸುತ್ತದೆ. ಹೊರಗಿನದನ್ನು ಆತಿಥೇಯವೆಂದೂ ಒಳಗಿನದನ್ನು ಅತಿಥಿಯೆಂದೂ ಕರೆಯುವುದು ರೂಢಿ.

ಒಮ್ಮೆ ವಿದ್ಯಾರ್ಥಿಗಳೊಡನೆ ಶಾಸನವೊಂದರ ಚಿತ್ರವನ್ನು ಈ ಅತಿಥಿಯಲ್ಲಿ ಓದುತ್ತಿದ್ದಾಗ ಶಕವರ್ಷದ ಕೊನೆಯ ಅಂಕಿಯನ್ನು ೦ ಎಂದು ಬರೆದುಕೊಂಡೆವು. ಸಂವತ್ಸರದ ಹೆಸರು ಅದಕ್ಕೆ ಹೊಂದಲಿಲ್ಲ. ಗತಶಕ ವರ್ತಮಾನಶಕಗಳ ಭೇದದಿಂದ ಒಂದು ವರ್ಷದ ಅಂತರ ಬರುವುದು ಶಾಸನಗಳಲ್ಲಿ ಅಪರೂಪವಲ್ಲವಾದುದರಿಂದ ಹಾಗೆಯೇ ಟಿಪ್ಪಣಿ ಬರೆದು ಮುಂದುವರಿದೆವು. ಕೆಲವು ದಿನಗಳ ತರುವಾಯ ಅದೇ ಚಿತ್ರವನ್ನು ಬೇರೊಂದು ಗಣಕದಲ್ಲಿ ನೋಡಲಾಗಿ ಆ ಅಂಕಿ ೧ ಎಂಬುದು ನಿಸ್ಸಂದೇಹವಾಯಿತು, ಸಂವತ್ಸರವೂ ಕೂಡಿಬಂದಿತು. ೧ ಎಂಬುದಕ್ಕೂ ೦ ಎಂಬುದಕ್ಕೂ ಇರುವ ವ್ಯತ್ಯಾಸ ಒಂದು ಕಿರುಸಂದು ಮಾತ್ರ. ಆ ಸಂದನ್ನು ನಮ್ಮ ತೆರೆ ಮುಚ್ಚಿಬಿಟ್ಟಿತ್ತು. ಕೃಷ್ಣದೇವರಾಯನ ಪಟ್ಟಾಭಿಷೇಕ ೧೫೦೯ರಲ್ಲಿಯೋ ೧೫೧೦ರಲ್ಲಿಯೋ ಎಂಬ ಚರ್ಚೆಯಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದ ಶಾಸನದ ಕಾಲನಿರ್ದೇಶವು ಎಷ್ಟು ಮುಖ್ಯವೆಂಬುದನ್ನು ಬಲ್ಲವರಿಗೆ ಒಂದು ವರ್ಷದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ದೋಷದ ಮೂಲವನ್ನು ಈಗ ನೋಡೋಣ. ನಿಜವಾದ ಗಣಕಕ್ಕೆ ಮಾನಿಟರನ್ನು ಜೋಡಿಸಿದೊಡನೆ ಅದು ತನ್ನ ಅಳತೆಯನ್ನು ತಾನೇ ತಿಳಿಸುತ್ತದೆ. ಅತಿಥಿಗಣಕಕ್ಕೆ ಅಂತಹ ಮಾನಿಟರಿಲ್ಲ. ಆತಿಥೇಯದ ತೆರೆಯ ಮೇಲಿನ ಒಂದು ಕಿಟಕಿಯೇ ಅದರ ಮಾನಿಟರು. ಆ ಕಿಟಕಿಯ ಗಾತ್ರವನ್ನು ಯಾರೂ ತಿಳಿಸದಿದ್ದರೆ ಲಿನಕ್ಸ್ ಎಲ್ಲಿಯೂ ಕೆಡದಂತಹ ಸಣ್ಣ ಅಳತೆಯನ್ನು, ಸಾಮಾನ್ಯವಾಗಿ ೮೦೦×೬೦೦ ಅಥವಾ ೧೦೨೪×೭೬೮ ಬಿಂದುಗಳನ್ನು, ಆರಿಸಿಕೊಳ್ಳುತ್ತದೆ. ಮೊದಲನೆಯದರಲ್ಲಿ ೪,೮೦,೦೦೦ ಬಿಂದುಗಳಿದ್ದರೆ ೧೯೨೦×೧೦೮೦ರ ತೆರೆಯಲ್ಲಿ ೨೦,೭೩,೬೦೦ ಬಿಂದುಗಳು. ಅಂದರೆ ನಾಲ್ಕು ಪಟ್ಟಿಗೂ ಮಿಗಿಲು. ಚಿತ್ರವನ್ನು ಹಿಗ್ಗಿಸಿ ನೋಡಬಾರದೇ ಎಂದು ಕೇಳಬಹುದು. ನೋಡಬಹುದು, ಆದರೆ ಸಣ್ಣ ಕಿಟಕಿಯಲ್ಲಿ ಆಗ ಎರಡು ಮೂರು ಅಕ್ಷರಗಳು ಮಾತ್ರ ಕಾಣುತ್ತವೆ. ಸಂಶಯದ ಅಕ್ಷರವನ್ನು ಅದೇ ಸಾಲಿನ ನಿಸ್ಸಂಶಯದ ಅಕ್ಷರದೊಡನೆ ಹೋಲಿಸುವುದು ಅಸಾಧ್ಯವಾಗುತ್ತದೆ.

ನಿವಾರಣೆಯ ಮೊದಲ ಹೆಜ್ಜೆ, ಕಾಣುತ್ತಿರುವ ಅಳತೆ ನಿಜವೇ ಎಂದು ಪರೀಕ್ಷಿಸುವುದು. ವರ್ಚುವಲ್‌ಬಾಕ್ಸ್‌ನ ‘ವ್ಯೂ’ ಪಟ್ಟಿಯಲ್ಲಿ ‘ಸ್ಕೇಲ್ಡ್ ಮೋಡ್’ ಎಂಬುದೊಂದಿದೆ. ಅದು ಸಣ್ಣ ದೃಶ್ಯವನ್ನು ಇಡೀ ತೆರೆಗೆ ಎಳೆದು ಹಿಗ್ಗಿಸುತ್ತದೆ. ನಾವು ಮೋಸಹೋದದ್ದು ಇಲ್ಲಿಯೇ: ತೆರೆ ತುಂಬಿದ್ದರಿಂದ ಎಲ್ಲವೂ ಸರಿಯಾಗಿದೆಯೆಂದು ಭಾವಿಸಿದೆವು. ಆದಕಾರಣ ಇದನ್ನು ನಿಲ್ಲಿಸಿ, ಲಿನಕ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಯಾವ ಸಂಖ್ಯೆಯಿದೆಯೆಂದು ಓದಬೇಕು.

ಎರಡನೆಯದಾಗಿ, ಅತಿಥಿಯನ್ನು ಪೂರ್ಣವಾಗಿ ಮುಚ್ಚಿ ಅದರ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಕಂಟ್ರೋಲರ್ ವಿ.ಎಂ.ಎಸ್.ವಿ.ಜಿ.ಎ. ಆಗಿರುವಂತೆಯೂ ವಿಡಿಯೊ ಮೆಮೊರಿ ೧೨೮ ಮೆಗಾಬೈಟ್ ಇರುವಂತೆಯೂ ಮಾಡಬೇಕು. ೧೯೨೦×೧೦೮೦ರ ಒಂದು ದೃಶ್ಯಕ್ಕೆ, ಬಿಂದುವಿಗೆ ೪ ಬೈಟಿನಂತೆ, ೮೨,೯೪,೪೦೦ ಬೈಟುಗಳು ಸಾಕು. ೩೮೪೦×೨೧೬೦ಕ್ಕಾದರೋ ೩,೩೧,೭೭,೬೦೦ ಬೈಟುಗಳು ಬೇಕು. ೧೬ ಮೆಗಾಬೈಟಿನಲ್ಲಿ ಇದು ಹಿಡಿಸದೆಂಬುದು ಸ್ಪಷ್ಟ.

ಮೂರನೆಯದೇ ಮುಖ್ಯವಾದುದು. ಕಿಟಕಿಯ ಗಾತ್ರವನ್ನು ಅತಿಥಿಗೆ ತಿಳಿಸುವ ದೂತನಿಗೆ ‘ಗೆಸ್ಟ್ ಅಡಿಷನ್ಸ್’ ಎಂದು ಹೆಸರು. ಅದನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ಲಿಗೆ ಅನುಗುಣವಾಗಿ ಅಲ್ಲಿಯೇ ಕಟ್ಟಬೇಕಾದುದರಿಂದ ಜಿ.ಸಿ.ಸಿ., ಮೇಕ್ ಎಂಬ ಸಾಧನಗಳನ್ನೂ, ನಡೆಯುತ್ತಿರುವ ಕರ್ನೆಲ್ಲಿನ ಹೆಡರ್ ಕಡತಗಳನ್ನೂ ಮುಂಚಿತವಾಗಿ ಸ್ಥಾಪಿಸಿರಬೇಕು. ಬಳಿಕ ‘ಡಿವೈಸಸ್’ ಪಟ್ಟಿಯಿಂದ ಗೆಸ್ಟ್ ಅಡಿಷನ್ಸ್‌ನ ಸಿ.ಡಿ. ಇಮೇಜನ್ನು ಸೇರಿಸಿ, ಅದರೊಳಗಿನ ಲಿನಕ್ಸ್ ಕಡತವನ್ನು ಆಡಳಿತಾಧಿಕಾರದಿಂದ ನಡೆಸಿ, ಅತಿಥಿಯನ್ನು ಮತ್ತೆ ಆರಂಭಿಸಬೇಕು. ‘ವ್ಯೂ’ ಪಟ್ಟಿಯ ‘ಆಟೋ-ರಿಸೈಜ್ ಗೆಸ್ಟ್ ಡಿಸ್‌ಪ್ಲೇ’ ಜಾರಿಯಲ್ಲಿರಲಿ. ಇಷ್ಟಾದರೆ ಕಿಟಕಿಯನ್ನು ಎಳೆದಂತೆ ದೃಶ್ಯವೂ ಹೊಸ ಅಳತೆಯನ್ನು ತಳೆಯುವುದು. ಕರ್ನೆಲ್ ನವೀಕರಣವಾದ ಮೇಲೆ ದೋಷವು ಮರುಕಳಿಸಿದರೆ ಹೊಸ ಹೆಡರುಗಳೊಡನೆ ಇದನ್ನೇ ಪುನಃ ನಡೆಸಬೇಕು. ವಿಎಂವೇರ್ ಬಳಸುವವರಿಗೆ ಓಪನ್-ವಿಎಂ-ಟೂಲ್ಸ್, ಕ್ಯೂಇಎಂಯು ಬಳಸುವವರಿಗೆ ಸ್ಪೈಸ್-ವಿಡಿಏಜೆಂಟ್ ಇದೇ ದೂತಕಾರ್ಯವನ್ನು ಮಾಡುತ್ತವೆ.

ಇದರಿಂದಲೂ ಗುಣ ಕಾಣದಿದ್ದರೆ ಅಳತೆಯನ್ನು ಕೈಯಾರೆ ಹೇಳುವುದುಂಟು. ‘ಸಿವಿಟಿ’ ಎಂಬ ಆಜ್ಞೆಗೆ ೧೯೨೦, ೧೦೮೦, ೬೦ ಎಂಬ ಸಂಖ್ಯೆಗಳನ್ನು ಕೊಟ್ಟರೆ ಬೇಕಾದ ಸಾಲು ದೊರೆಯುತ್ತದೆ. ಆ ಸಾಲನ್ನು ‘ಎಕ್ಸ್‌ರ್ಯಾಂಡರ್’ ಆಜ್ಞೆಯ ಮೂಲಕ ಹೊಸ ಮೋಡ್ ಆಗಿ ನಮೂದಿಸಿ, ತೆರೆಗೆ ಸೇರಿಸಿ, ಆರಿಸಿಕೊಳ್ಳಬೇಕು. ಇದು ಎಕ್ಸ್ ಪದ್ಧತಿಯ ಅಧಿವೇಶನದಲ್ಲಿ ಮಾತ್ರ ನಡೆಯುವುದು, ವೇಲ್ಯಾಂಡ್ ಪದ್ಧತಿಯಲ್ಲಿ ನಡೆಯದು. ಅಧಿವೇಶನ ಮುಗಿದೊಡನೆ ಈ ಏರ್ಪಾಡು ಅಳಿಯುವುದರಿಂದ ಆಜ್ಞೆಗಳನ್ನು ಆರಂಭದ ಕಡತದಲ್ಲಿ ಬರೆದಿಡುವುದು ಯುಕ್ತ.

ಈ ಕ್ರಮದಿಂದ ನಾಲ್ಕೂ ಊರುಗಳ ಗಣಕಗಳಲ್ಲಿ ನಮ್ಮ ಚಿತ್ರಗಳು ಈಗ ಸ್ಫುಟವಾಗಿ ಕಾಣುತ್ತಿವೆ. ಅಂದಿನಿಂದ ನಾವು ಪಾಠದ ಟಿಪ್ಪಣಿಯಲ್ಲಿ ಅಚ್ಚುಪಡಿಯೋ ಛಾಯಾಚಿತ್ರವೋ ಎಂಬುದರ ಜೊತೆಗೆ ತೆರೆಯ ಅಳತೆಯನ್ನೂ ದಾಖಲಿಸುತ್ತಿದ್ದೇವೆ. ಕಾಲಸೂಚಕ ಅಂಕಿಗಳನ್ನು ಚಿತ್ರದ ನೂರಕ್ಕೆ ನೂರರ ಅಳತೆಯಲ್ಲಿ ನೋಡದೆ ಒಪ್ಪುವುದಿಲ್ಲ. ಆ ಹಳೆಯ ಟಿಪ್ಪಣಿಯನ್ನು ತಿದ್ದಿದ್ದೇವೆ. ದೋಷದ ಅವಧಿಯಲ್ಲಿ ಬರೆದುಕೊಂಡ ಉಳಿದ ಪಾಠಗಳನ್ನು ಒಂದೊಂದಾಗಿ ಮರಳಿ ಓದುತ್ತಿದ್ದೇವೆ. ಸಾಧನದ ತಪ್ಪನ್ನು ಲಿಪಿಕಾರನ ತಲೆಗೆ ಕಟ್ಟಿದರೆ ಅವನು ಎದ್ದುಬಂದು ಉತ್ತರ ಹೇಳಲಾರನು. ಅವನ ಪರವಾಗಿ ವಿಚಾರಿಸುವ ಹೊಣೆ ಓದುವ ನಮ್ಮದೇ ಆಗಿದೆ.