ಹೆಸರಿನ ತಪ್ಪು, ಚಿತ್ರದ ಒಗಟು

ಕರಾವಳಿಯ ಸೆಕೆಯಲ್ಲಿ ಕಂಕುಳಲ್ಲಿ ಕುರು ಏಳುವುದು ಹೊಸ ಸಂಗತಿಯಲ್ಲ. “ಬೆವರಿನಿಂದ ಬಂದದ್ದು, ತಾನೇ ಮಾಯುತ್ತದೆ” ಎಂಬ ಸಮಾಧಾನ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಮನೆಗಳಲ್ಲಿಯೂ ಉಂಟು. ಆದರೆ ಕಂಕುಳಲ್ಲಿ, ಸ್ತನದ ಕೆಳಗಣ ಮಡಿಕೆಯಲ್ಲಿ, ಒಡೆದ ಕುರು ಮತ್ತೆ ಮತ್ತೆ ಎದ್ದು, ಕೀವು ಸುರಿಸಿ, ಗಂಟುಗಂಟಾದ ಕಲೆ ಉಳಿಸಿದರೆ ಅದು ಬರಿಯ ಸೆಕೆಯ ಕುರುವಲ್ಲದಿರಬಹುದು.

ವೈದ್ಯರು ಇಂಥ ಕಾಯಿಲೆಯೊಂದನ್ನು ‘ಹಿಡ್ರಾಡೆನೈಟಿಸ್ ಸಪ್ಪುರೇಟಿವಾ’ ಎನ್ನುತ್ತಾರೆ. ಗ್ರೀಕಿನಲ್ಲಿ ‘ಹಿಡ್ರೋಸ್’ ಎಂದರೆ ಬೆವರು, ‘ಅಡೆನ್’ ಎಂದರೆ ಗ್ರಂಥಿ. 1839ರಲ್ಲಿ ಫ್ರಾನ್ಸಿನ ವೆಲ್ಪೋ ಈ ರೋಗವನ್ನು ವರ್ಣಿಸಿದನು. 1854ರಲ್ಲಿ ವೆರ್ನೇಯ್ ಬೆವರಿನ ಗ್ರಂಥಿಗೆ ಅದನ್ನು ಗಂಟುಹಾಕಿ ಹೆಸರಿಟ್ಟನು. ಹೆಸರು ಉಳಿಯಿತು, ತಿಳಿವಳಿಕೆ ಬದಲಾಯಿತು. ಮೊದಲು ಮುಚ್ಚಿಕೊಳ್ಳುವುದು ಕೂದಲಿನ ಬುಡ. ಅದು ಒಳಗೇ ಒಡೆದು ಉರಿಯೂತ ಹಬ್ಬುತ್ತದೆ. ಇದು ಕೊಳಕಿನ ಫಲವಲ್ಲ, ಅಂಟುರೋಗವೂ ಅಲ್ಲ. ಆದರೂ ಬೆವರಿನ ಅಪವಾದ ಹೊತ್ತ ಹೆಂಗಸು ನಾಚಿ ಮರೆಮಾಡುತ್ತಾಳೆ.

ಆ ಮೌನದ ಬೆಲೆ ತಿಳಿಯುವುದು ಸ್ತನದ ಎಕ್ಸ್‌ರೇ, ಎಂದರೆ ಮ್ಯಾಮೊಗ್ರಾಂ ತೆಗೆಸಿದಾಗ. ದಪ್ಪವಾದ ಚರ್ಮ, ಊದಿದ ಕಂಕುಳ ದುಗ್ಧಗ್ರಂಥಿಗಳು ಚಿತ್ರದಲ್ಲಿ ಕಾಣುತ್ತವೆ. ಕ್ಯಾನ್ಸರಿನಲ್ಲಿಯೂ ಇವೇ ಲಕ್ಷಣಗಳು ಇರಬಲ್ಲವು! ಅಲ್ಟ್ರಾಸೌಂಡ್ ಇಟ್ಟು ನೋಡಿದರೆ ಒಗಟು ಸ್ವಲ್ಪ ಬಿಡಿಸಿಕೊಳ್ಳುತ್ತದೆ: ಚರ್ಮದಡಿಯ ಕೀವಿನ ಕುಳಿಗಳು, ಒಂದನ್ನೊಂದು ಕೂಡುವ ಸುರಂಗಗಳು, ಕೆಳಗಿನ ಸ್ತನದ ಅಂಗಾಂಶ ಮಾತ್ರ ಬಹುಮಟ್ಟಿಗೆ ನಿರ್ಮಲ. ವರ್ಷಗಳ ಹಳೆಯ ಕುರುಗಳ ವೃತ್ತಾಂತವೂ ದೊರೆತರೆ ವೈದ್ಯರ ಕೈಗೆ ಕೀಲಿಕೈ ಸಿಕ್ಕಂತೆ. ಹಾಗೆಂದು ಎಲ್ಲ ಗಂಟನ್ನೂ ಕುರುವೆಂದು ಕಡೆಗಣಿಸುವುದು ಇನ್ನೂ ದೊಡ್ಡ ತಪ್ಪು. ಸಂಶಯ ಉಳಿದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಲೇಬೇಕು.

ಈ ಮೂರು ಊರುಗಳವರಿಗೆ ದೊಡ್ಡಾಸ್ಪತ್ರೆ ನಿಲುಕದಷ್ಟು ದೂರವಿಲ್ಲ. ಡಾ. ಟಿ.ಎಂ.ಎ. ಪೈ 1953ರಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು ಮಣಿಪಾಲದಲ್ಲಿದೆ. ಹೆದ್ದಾರಿಯ ಬಸ್ಸು ಹತ್ತುವುದು ಸುಲಭ, ಬಾಯಿ ತೆರೆಯುವುದೇ ಕಷ್ಟ. ಚಿತ್ರ ತೆಗೆಸುವ ದಿನ ಕಂಕುಳಿಗೆ ಪೌಡರು, ಬೆವರು ತಡೆಯುವ ಲೇಪ ಬೇಡ. ಅವುಗಳ ಕಣಗಳೂ ಚಿತ್ರದಲ್ಲಿ ಬಿಳಿಯ ಚುಕ್ಕೆಗಳಾಗಿ ವೈದ್ಯರನ್ನು ದಾರಿತಪ್ಪಿಸಬಲ್ಲವು. ಯಂತ್ರ ಒತ್ತುವ ಮೊದಲೇ ನೋವಿರುವ ಎಡೆಯನ್ನು ತೋರಿಸಿ ಹೇಳಬೇಕು.

ಗಂಡಸಿನ ಲೇಖನಿಗೆ ಇದು ಸಂಕೋಚದ ವಿಷಯವೇ ಸರಿ. ಆದರೆ ತಾಯಿ, ಅಕ್ಕ, ತಂಗಿಯರು ಸಂಕೋಚಕ್ಕೆ ತೆರುವ ಬೆಲೆಯ ಮುಂದೆ ಇದು ಯಾವ ಲೆಕ್ಕ? ಎಕ್ಸ್‌ರೇ ಕಂಡದ್ದನ್ನು ಮಾತ್ರ ತೋರಿಸುತ್ತದೆ. ಕಂಡದ್ದರ ಹಿಂದಿನ ಕಥೆಯನ್ನು ರೋಗಿಯೇ ಹೇಳಬೇಕು.